ದೀಪಕ್ಕೆ ತಿಳಿಯದ ಗಾಳಿ

ಕುಕ್ಕುಂದೂರಿನ ದೇಜಪ್ಪ ಮೂವತ್ತೊಂದು ವರ್ಷ ಬಾವಿಗಳ ಕೆಲಸ ಮಾಡಿದವನು. ತೋಡಿದ ಬಾವಿಗಳು ನೂರರ ಹತ್ತಿರ. ಬೇಸಿಗೆಯಲ್ಲಿ ಇಳಿದು ಕೆಸರು ತೆಗೆದವು ಅವನಿಗೇ ನೆನಪಿಲ್ಲದಷ್ಟು. ಕೆಳಗೆ ಇಳಿಸಿದ ಜನರನ್ನೆಲ್ಲ ಅವನು ಮೇಲಕ್ಕೆ ತಂದಿದ್ದ. ಇದನ್ನು ಊರವರು ಹೇಳುತ್ತಿದ್ದರೇ ಹೊರತು ಅವನು ಹೇಳುತ್ತಿರಲಿಲ್ಲ. ಹೇಳಿದರೆ ಆ ಮಾತು ಯಾವುದಾದರೂ ಬಾವಿಯ ಕಿವಿಗೆ ಬಿದ್ದೀತು ಎಂಬ ಹೆದರಿಕೆ.

ಆ ಹೆದರಿಕೆ ಅಪ್ಪನಿಂದ ಬಂದದ್ದು. ಅಪ್ಪ ಕಾರ್ಕಳದ ಸುತ್ತಿನ ಮುರಕಲ್ಲು ನೆಲದಲ್ಲಿ ಬಾವಿ ತೋಡುತ್ತಿದ್ದ ಕಾಲದಿಂದಲೂ ಆ ಮನೆಯಲ್ಲಿ ಒಂದು ಕಟ್ಟುನಿಟ್ಟು. ಬಾವಿಯ ಕಟ್ಟೆಯಲ್ಲಿ ಬೇಡದ ಮಾತು ಆಡಬಾರದು. ಬೀಳುವುದು, ಕುಸಿಯುವುದು, ಸಾಯುವುದು, ಇವುಗಳಿಗೆ ಅಲ್ಲಿ ಜಾಗವಿಲ್ಲ. ಮಣ್ಣು ಜರಿದರೆ ‘ಮಣ್ಣು ಬಂತು’ ಎನ್ನಬೇಕು. ಹಗ್ಗ ಕಡಿದರೆ ‘ಹಗ್ಗ ಮುಗಿಯಿತು’. ಮೈ ಸರಿಯಿಲ್ಲದವನು ಮನೆಯಲ್ಲೇ ಉಳಿಯಬೇಕು. ಕಟ್ಟೆಯವರೆಗೆ ಬಂದ ಮೇಲೆ ತಲೆನೋವು ಎಂದು ಬಾಯಿ ತೆರೆಯುವ ಹಾಗಿಲ್ಲ. ಕೆಳಗಿರುವುದು ಕೇಳಿಸಿಕೊಳ್ಳುತ್ತದೆ.

ಕೆಳಗಿರುವುದು ಏನು ಎಂಬುದಕ್ಕೆ ಅಪ್ಪ ಹೆಸರಿಟ್ಟಿರಲಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಬಾವಿಗೆ ಲಾಟೀನು ಇಳಿಸುವಾಗ ಒಮ್ಮೊಮ್ಮೆ ಜ್ವಾಲೆ ಸಣ್ಣಗಾಗಿ, ಯಾರೋ ಎರಡು ಬೆರಳಲ್ಲಿ ಹಿಸುಕಿದ ಹಾಗೆ ಆರಿಹೋಗುತ್ತಿತ್ತು. ಆಗ ಅಪ್ಪ ಹಗ್ಗ ಮೇಲೆಳೆದುಕೊಂಡು ‘ಇವತ್ತು ಬೇಡ’ ಎಂದಷ್ಟೇ ಹೇಳಿ ಮನೆಗೆ ನಡೆಯುತ್ತಿದ್ದ. ಮರುದಿನ ಸೊಪ್ಪಿರುವ ಮಾವಿನ ಗೆಲ್ಲೊಂದನ್ನು ಹಗ್ಗಕ್ಕೆ ಕಟ್ಟಿ, ಕೆಳಗೆ ಮೇಲೆ ಆಡಿಸಿ, ಬಾವಿಯೊಳಗಿನ ಗಾಳಿಯನ್ನು ಕದಡಿ, ಮತ್ತೆ ದೀಪ ಇಳಿಸುವುದು. ದೀಪ ಉರಿದರೆ ಮನುಷ್ಯ ಇಳಿಯಬಹುದು. ದೇಜಪ್ಪ ಕಲಿತ ವಿದ್ಯೆಯೆಲ್ಲ ಇಷ್ಟೇ, ಮತ್ತು ಇದು ಅವನಿಗೆ ಸಾಕಾಗಿತ್ತು.

ಹೆಸರು ಬಂದದ್ದು ಅವನ ಕಾಲಕ್ಕೆ. ಗ್ಯಾಸ್ ಎಂಬ ಶಬ್ದವೇನೂ ಅವನಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅದು ಮದುವೆ ಚಪ್ಪರದಲ್ಲಿ ಬುಸುಗುಟ್ಟುತ್ತಾ ತೂಗುವ ಬೆಳಕು, ಗ್ಯಾಸ್‌ಲೈಟು. ಆಮೇಲೆ ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬಡಾಯಿ ಕೊಚ್ಚುವವನಿಗೆ ‘ಗ್ಯಾಸ್ ಬಿಡಬೇಡ ಮಾರಾಯ’ ಎಂದು ಬೀಳುವ ಪೆಟ್ಟು. ಕ್ಲಿನಿಕ್ಕಿಗೆ ಹೋದರೆ ಹೊಟ್ಟೆಯ ಉಬ್ಬರ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಾವಿ ತೋರಿಸುವ ಮನೆಯವರೆಲ್ಲ ಅದೇ ಶಬ್ದ ಹಿಡಿದು ಕೇಳತೊಡಗಿದರು, ‘ಗ್ಯಾಸ್ ಉಂಟಾ ದೇಜಪ್ಪಣ್ಣ?’ ಪೇಪರಿನಲ್ಲಿ ಎಲ್ಲೋ ಓದಿರುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ, ಲಾಟೀನು ಹೊತ್ತಿಸುತ್ತಿದ್ದ.

ಒಂದು ಸಲ ಮಾತ್ರ ಉತ್ತರ ಕೊಡಬೇಕಾಯಿತು. ತೊಂಬತ್ತೊಂಬತ್ತರ ಮೇ ತಿಂಗಳಲ್ಲಿ ಕಾಪುವಿನ ಒಂದು ಐಸ್ ಪ್ಲಾಂಟಿನ ಬಾವಿ ತೊಳೆಯಲು ಹೋಗಿದ್ದ. ಮಧ್ಯಾಹ್ನದ ಹೊತ್ತು ಪ್ಲಾಂಟಿನೊಳಗೆ ಯಾವುದೋ ಪೈಪಿನ ಬಾಯಿ ಸಡಿಲಾಗಿ, ಮೂಗಿಗೆ ಸೂಜಿ ಚುಚ್ಚಿದಂಥ ವಾಸನೆ ಹರಡಿತು. ಕೆಲಸದವರೆಲ್ಲ ಬೈರಾಸು ಒದ್ದೆ ಮಾಡಿ ಮುಖಕ್ಕೆ ಒತ್ತಿಕೊಂಡು ಕಡಲಿನ ಕಡೆ ಓಡಿದರು. ಅರ್ಧ ಗಂಟೆಯಲ್ಲಿ ಎಲ್ಲ ಸರಿಯಾಯಿತು. ಸರಿ ಮಾಡಿದವನು ಅಲ್ಲಿಯ ಮೆಕ್ಯಾನಿಕ್ ಲಿಯೋನೆಲ್. ಕೆಂಪಾದ ಕಣ್ಣುಗಳನ್ನು ತೊಳೆದುಕೊಳ್ಳಲು ಬಾವಿಯ ಹತ್ತಿರ ಬಂದವನು ಮಾತಿಗೆ ನಿಂತ.

‘ಇದು ಮರ್ಯಾದೆಯ ಗ್ಯಾಸ್ ದೇಜಪ್ಪಣ್ಣ. ಬರುವ ಮೊದಲು ಬಾಗಿಲು ಬಡೀತದೆ. ನಿಮ್ಮ ಬಾವಿಯದ್ದು ಹೇಗೆ?’

‘ಅದಕ್ಕೆ ವಾಸನೆ ಇಲ್ಲ.’

‘ಹಾಗಾದ್ರೆ ಕಳ್ಳ.’

ದೇಜಪ್ಪ ಲಾಟೀನು ಎತ್ತಿ ತೋರಿಸಿ, ಕಳ್ಳನಿಗೆ ನಾಯಿ ಇಟ್ಟಿದ್ದೇನೆ ಎಂದ.

ಲಿಯೋನೆಲ್ ಮುಖ ಒರೆಸಿಕೊಳ್ಳುತ್ತಾ, ‘ಗುರುತಿನ ಕಳ್ಳ ಬಂದ್ರೆ ನಾಯಿ ಬೊಗಳುವುದಿಲ್ಲ ಮಾರಾಯ್ರೆ’ ಎಂದು ನಕ್ಕ.

ದೇಜಪ್ಪ ಅವನ ತೋಳು ಹಿಡಿದು ಕಟ್ಟೆಯಿಂದ ದೂರಕ್ಕೆ ಕರೆದುಕೊಂಡು ಹೋದ. ಅಲ್ಲಿ ನಿಂತು, ಇಂಥ ಮಾತು ಇಲ್ಲಿ ಆಡಲಿಕ್ಕಿಲ್ಲ ಎಂದು ಮೆಲ್ಲಗೆ ಹೇಳಿದ. ಕೆಳಗೆ ಆಗ ಯಂಕಪ್ಪ ಇದ್ದ.

ಯಂಕಪ್ಪ ಹುನಗುಂದದ ಕಡೆಯವನು. ತೊಂಬತ್ತೆಂಟರಲ್ಲಿ ಹೆಂಡತಿ ಯಂಕವ್ವನ ಜೊತೆ ರಸ್ತೆಯ ಬದಿ ಚರಂಡಿ ಅಗೆಯುವ ಕೆಲಸಕ್ಕೆ ಕಾರ್ಕಳಕ್ಕೆ ಬಂದವನು, ಒಂದೇ ವರ್ಷದಲ್ಲಿ ದೇಜಪ್ಪನ ಬಲಗೈಯಾದ. ತಮ್ಮೂರಿನಲ್ಲಿ ನೀರಿನವರೆಗೂ ಮೆಟ್ಟಿಲು ಇರುತ್ತವೆ, ಇಲ್ಲಿ ಪಾತಾಳಕ್ಕೆ ನೇತುಹಾಕುತ್ತಾರೆ ಎಂದು ಅವನು ಮೊದಲ ದಿನವೇ ನಗಿಸಿದ್ದ. ದೇಜಪ್ಪನಿಗೆ ಮಂಡಿ ನೋವು ಶುರುವಾದ ಮೇಲೆ ಕೆಳಗಿಳಿಯುವುದೆಲ್ಲ ಅವನದೇ. ಯಂಕವ್ವ ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದಳು. ಗಂಡ ಹಗ್ಗವನ್ನು ಎರಡು ಸಲ ಜಗ್ಗಿದರೆ ಬುಟ್ಟಿ ತುಂಬಿದೆ ಎಂದು, ಮೂರು ಸಲ ಜಗ್ಗಿದರೆ ನೀರು ಕುಡಿಯಲು ಬೇಕು ಎಂದು. ಇಬ್ಬರೂ ಹಗಲಿಡೀ ಒಂದು ಮಾತಿಲ್ಲದೆ ಹಗ್ಗದಲ್ಲೇ ಸಂಸಾರ ಮಾಡುತ್ತಾರೆ ಎಂದು ದೇಜಪ್ಪ ಹೇಳುತ್ತಿದ್ದ.

ಇಳಿಯುವವನ ಎದೆಗೆ ಇನ್ನೊಂದು ಹಗ್ಗ ಕಟ್ಟಿರಬೇಕು, ಅದನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಒಬ್ಬನಿಗೆ ಏನಾದರೂ ಆದರೆ ಎರಡನೆಯವನು ಇಳಿಯಬಾರದು. ಈ ಎರಡು ನಿಯಮ ಮಾತ್ರ ದೇಜಪ್ಪ ಬಾಯಿಬಿಟ್ಟು ಹೇಳುತ್ತಿದ್ದದ್ದು, ಅದೂ ಮನೆಯ ಜಗಲಿಯಲ್ಲಿ.

ಎರಡು ಸಾವಿರದ ಒಂದರಲ್ಲಿ ದೇಜಪ್ಪನ ಮನೆಗೂ ಗ್ಯಾಸ್ ಬಂತು. ಹೆಂಡತಿ ಸುಗಂಧಿ ಬೀಡಿ ಕಟ್ಟುವ ಮೊರವನ್ನು ಬದಿಗಿಟ್ಟು, ಆ ಕೆಂಪು ಅಂಡೆಯನ್ನು ಅಡಿಗೆಮನೆಗೆ ತಂದಿಟ್ಟವನ ಹಿಂದೆಮುಂದೆ ತಿರುಗಿದಳು. ವಾಸನೆ ಬಂದರೆ ಕಿಟಕಿ ತೆರೆಯಿರಿ, ದೀಪ ಹೊತ್ತಿಸಬೇಡಿ ಎಂದು ಅವನು ಹೇಳಿಕೊಟ್ಟ. ದೀಪ ಹತ್ತಿರ ತಂದರೆ ಆರುತ್ತದಾ ಎಂದು ದೇಜಪ್ಪ ಕೇಳಿದ. ದೀಪ ಆರುವುದಲ್ಲ, ಮನೆಯೇ ಹೊತ್ತಿಕೊಳ್ಳುತ್ತದೆ ಎಂದು ಅವನು ನಗುತ್ತಾ ಹೋದ. ಆ ದಿನ ಊಟದ ಮುಂದೆ ಕುಳಿತಾಗಲೂ ದೇಜಪ್ಪನಿಗೆ ಅದೇ ಯೋಚನೆ. ಒಂದು ದೀಪವನ್ನು ಕೊಲ್ಲುತ್ತದೆ, ಇನ್ನೊಂದು ದೀಪವನ್ನು ಬೆಳೆಸುತ್ತದೆ, ಎರಡಕ್ಕೂ ಒಂದೇ ಹೆಸರು. ಹೆಸರು ಇಟ್ಟವರಿಗೆ ಗೊತ್ತಿರಬಹುದು ಎಂದುಕೊಂಡು ಅನ್ನಕ್ಕೆ ಕೈಹಾಕಿದ.

ಎರಡು ಸಾವಿರದ ನಾಲ್ಕರ ಏಪ್ರಿಲ್ ಕೊನೆಯಲ್ಲಿ ತಾರಾನಾಥ ಹುಡುಕಿಕೊಂಡು ಬಂದ. ಗಲ್ಫಿನಿಂದ ಮರಳಿದವನು. ಮಣಿಪಾಲದಲ್ಲಿ ಕಾಲೇಜಿನ ಮಕ್ಕಳಿಗೆ ಬಾಡಿಗೆಗೆ ಕೊಡಲು ಎಂಟು ಕೋಣೆಗಳನ್ನು ಕಟ್ಟಿಸಿದ್ದ. ಅವನ ಬಾವಿ ಇಪ್ಪತ್ತನಾಲ್ಕು ಕೋಲು ಆಳ, ಅಂದರೆ ಅರವತ್ತು ಅಡಿ. ತಳದಲ್ಲಿ ಶೇಡಿಮಣ್ಣು ತುಂಬಿ ನೀರಿನ ಕಣ್ಣು ಮುಚ್ಚಿಹೋಗಿತ್ತು. ಜೂನಿಗೆ ಮಕ್ಕಳು ಬರುವುದರೊಳಗೆ ಮೂರು ಕೋಲು ಇಳಿಸಿ ಕೊಡಬೇಕು. ಬಕೆಟಿನಲ್ಲಿ ನೀರು ಖಾಲಿ ಮಾಡುತ್ತಾ ಕೂತರೆ ಮಳೆಗಾಲ ಬಂದೀತು ಎಂದು ಅವನು ಉಡುಪಿಯಿಂದ ಹೊಸ ಸೀಮೆಎಣ್ಣೆ ಪಂಪು ತಂದಿದ್ದ. ಮೇಲೆ ಇಟ್ಟರೆ ಪಂಪು ಅಷ್ಟು ಆಳದ ನೀರನ್ನು ಎಳೆಯುವುದಿಲ್ಲ. ಆದ್ದರಿಂದ ಬಾವಿಯ ನಡುವೆ, ಹನ್ನೆರಡು ಕೋಲಿನಲ್ಲಿದ್ದ ಕಲ್ಲಿನ ಅಂಚಿಗೆ ಎರಡು ಹಲಗೆ ಹಾಕಿ, ಅದರ ಮೇಲೆ ಪಂಪನ್ನು ಕೂರಿಸಿದರು. ಹಲಗೆಯ ಪಕ್ಕದಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಉಳಿಯಿತು.

ಮೊದಲ ದಿನ ಪಂಪು ಎರಡು ಗಂಟೆ ಓಡಿತು. ಬಾವಿಯ ಬಾಯಿಯಿಂದ ನೀಲಿ ಹೊಗೆ ಏಳುತ್ತಿತ್ತು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ಬಸ್ಸಿನ ಹಿಂದೆ, ಹಿಟ್ಟಿನ ಮಿಲ್ಲಿನಲ್ಲಿ, ಮೀನಿನ ಬೋಟಿನಲ್ಲಿ ಎಲ್ಲರೂ ಕುಡಿಯುವ ಹೊಗೆಯೇ ಅದು. ನೀರು ಖಾಲಿಯಾದ ಮೇಲೆ ಪಂಪು ನಿಲ್ಲಿಸಿ, ಹೊಗೆ ಕಣ್ಣಿಗೆ ಕಾಣದಾಗುವವರೆಗೆ ಕಾದು, ದೇಜಪ್ಪ ಲಾಟೀನು ಇಳಿಸಿದ. ತಾರಾನಾಥ ಬಗ್ಗಿ ನೋಡಿ ಕೇಳಿದ ಪ್ರಶ್ನೆ ಎಲ್ಲರದೇ.

‘ಗ್ಯಾಸ್ ಉಂಟಾ?’

ಅರವತ್ತು ಅಡಿ ಕೆಳಗೆ ದೀಪ ಹಳದಿಯಾಗಿ, ನೆಟ್ಟಗೆ ಉರಿಯುತ್ತಿತ್ತು. ದೇಜಪ್ಪ ಯಂಕಪ್ಪನಿಗೆ ತಲೆಯಾಡಿಸಿದ.

ಅಂದು ಸಂಜೆ ಬಸ್‌ಸ್ಟಾಪಿನಲ್ಲಿ ಯಂಕಪ್ಪ ವಾಂತಿ ಮಾಡಿಕೊಂಡ. ತಲೆ ಸಿಡಿಯುತ್ತಿದೆ ಎಂದ. ಯಂಕವ್ವ ಮಧ್ಯಾಹ್ನದ ಮೆಣಸಿನಕಾಯಿ ಬಜ್ಜಿಯನ್ನು ಬಯ್ದಳು. ಗೂಡಂಗಡಿಯವನು ಇದು ಗ್ಯಾಸ್ಟ್ರಿಕ್ಕೇ ಎಂದು ನಿಂಬೆ ಹಿಂಡಿ ಸೋಡಾ ಕೊಟ್ಟ. ಕುಡಿದು ತೇಗಿದ ಮೇಲೆ ಯಂಕಪ್ಪನಿಗೆ ಸ್ವಲ್ಪ ಹಗುರವಾಯಿತು. ದೇಜಪ್ಪ ಅವನ ಬೆನ್ನು ತಟ್ಟಿ, ನಾಳೆ ನಿನ್ನ ಹೊಟ್ಟೆಗೂ ಒಂದು ದೀಪ ಇಳಿಸಿ ನೋಡುವ ಎಂದ. ಮೂವರೂ ನಕ್ಕರು. ಬಸ್ಸು ಬಂತು.

ಮರುದಿನ ನೀರಿನ ಕಣ್ಣು ಅರ್ಧ ತೆರೆದುಕೊಂಡಿದ್ದರಿಂದ ಬಾವಿಯಲ್ಲಿ ನೀರು ಹೆಚ್ಚು ನಿಂತಿತ್ತು. ಪಂಪನ್ನು ಮೂರು ಗಂಟೆ ಓಡಿಸಬೇಕಾಯಿತು. ಗಾಳಿ ಅಲುಗದ ದಿನ, ತೆಂಗಿನ ಗರಿಗಳು ಸಹ ಬರೆದಿಟ್ಟ ಹಾಗೆ. ದೇಜಪ್ಪ ಹೊಗೆ ಇಳಿಯುವವರೆಗೆ ಕಾದ. ಗೆಲ್ಲು ಆಡಿಸಬೇಕೆಂದು ಅವನಿಗೆ ಅನಿಸಲಿಲ್ಲ. ಗೆಲ್ಲು ಆಡಿಸುವುದು ದೀಪ ಆರಿದರೆ ಮಾತ್ರ. ದೀಪ ಆರಲಿಲ್ಲ.

ಇಳಿಯುವ ಮೊದಲು ಯಂಕಪ್ಪ ಕಟ್ಟೆಯ ಮೇಲೆ ಕುಳಿತು ಹಣೆಯನ್ನು ಅಂಗೈಯಿಂದ ಒಮ್ಮೆ ಒತ್ತಿಕೊಂಡ. ಏನೋ ಹೇಳಲು ಬಾಯಿ ತೆರೆದ. ತಾನು ಕುಳಿತ ಜಾಗ ನೋಡಿಕೊಂಡ. ಬಾಯಿ ಮುಚ್ಚಿದ. ದೇಜಪ್ಪ ಅದನ್ನು ಕಂಡ. ಏನು ಎಂದು ಕೇಳಲು ಅವನಿಗೂ ಅದು ಜಾಗವಲ್ಲ.

ಒಂಬತ್ತು ಬುಟ್ಟಿ ಮೇಲೆ ಬಂದವು. ಹತ್ತನೆಯದು ಇಳಿದು ಹೋಗಿ ಬಹಳ ಹೊತ್ತಾಯಿತು. ಯಂಕವ್ವ ಹಗ್ಗವನ್ನು ಬೆರಳುಗಳಲ್ಲಿ ಹಿಡಿದು, ನಾಡಿ ನೋಡುವವಳ ಹಾಗೆ ನಿಂತಿದ್ದಳು.

‘ಅಣ್ಣಾರ, ಹಗ್ಗ ಸುಮ್ಮನಾಗೈತ್ರಿ.’

ದೇಜಪ್ಪ ಕೂಗಿ ಕರೆದ. ಬಾವಿ ಅವನ ದನಿಯನ್ನೇ ಅವನಿಗೆ ಹಿಂದಕ್ಕೆ ಕೊಟ್ಟಿತು. ತಾರಾನಾಥ ಓಡಿ ಬಂದ. ಮೂವರೂ ಸೇರಿ ಎದೆಯ ಹಗ್ಗವನ್ನು ಎಳೆಯತೊಡಗಿದರು. ಭಾರ ಬಂತು, ಹನ್ನೆರಡು ಕೋಲಿನವರೆಗೆ ಬಂತು, ಅಲ್ಲಿ ನಿಂತಿತು. ಯಂಕಪ್ಪನ ವಾಲಿದ ಹೆಗಲು ಪಂಪಿನ ಹಲಗೆಯಡಿಗೆ ಸಿಕ್ಕಿಕೊಂಡಿತ್ತು. ಎಷ್ಟು ಎಳೆದರೂ ಅವನ ತಲೆ ಹಲಗೆಗೆ ಬಡಿಯುತ್ತಿತ್ತೇ ವಿನಾ ಮೇಲೆ ಬರಲಿಲ್ಲ.

ಎರಡನೆಯವನು ಇಳಿಯಬಾರದು. ಮೂವತ್ತೊಂದು ವರ್ಷ ಹೇಳಿದ್ದನ್ನು ದೇಜಪ್ಪ ಆಗ ಮೀರಿದ. ಸೊಂಟಕ್ಕೆ ಬುಟ್ಟಿಯ ಹಗ್ಗ ಸುತ್ತಿಕೊಂಡು, ನಲವತ್ತು ಎಣಿಸಿದ ಕೂಡಲೇ ತನ್ನನ್ನು ಎಳೆದುಬಿಡಬೇಕು, ಬೇಡ ಎಂದರೂ ಎಳೆಯಬೇಕು ಎಂದು ತಾರಾನಾಥನಿಗೆ ಹೇಳಿದ. ಎದೆ ತುಂಬ ಉಸಿರು ಎಳೆದುಕೊಂಡು ಬಾವಿಯ ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿದ. ಹಲಗೆಯ ಕೆಳಗಿಂದ ಯಂಕಪ್ಪನ ಹೆಗಲನ್ನು ಬಿಡಿಸಿದ. ಬಿಡಿಸುವ ಬಲಕ್ಕೆ ಉಸಿರು ಹೋಯಿತು, ಒಂದೆರಡು ಸಲ ಅಲ್ಲಿಯದನ್ನೇ ಎಳೆದುಕೊಳ್ಳಬೇಕಾಯಿತು. ವಾಸನೆ ಬರೀ ಎಣ್ಣೆ ಹೊಗೆಯದು, ಬಸ್ಸಿನದು. ಕಾಲುಗಳು ಒದ್ದೆ ಬಟ್ಟೆಯಂತಾದವು. ಯಂಕಪ್ಪನ ಹಿಂದೆ ತನ್ನನ್ನೂ ಮೇಲಿನಿಂದ ಎಳೆಯುವಾಗ ಅವನು ಒಮ್ಮೆ ಕೆಳಗೆ ನೋಡಿದ. ತಳದಲ್ಲಿ ಅವನು ಇಳಿಸಿಟ್ಟ ಲಾಟೀನು ಮನೆಯಲ್ಲಿ ಉರಿಯುವುದಕ್ಕಿಂತ ಚೆನ್ನಾಗಿ ಉರಿಯುತ್ತಿತ್ತು.

ಮಣಿಪಾಲದ ಆಸ್ಪತ್ರೆ ಅಲ್ಲಿಂದ ಐದು ನಿಮಿಷ. ತಾರಾನಾಥನ ಜೀಪಿನಲ್ಲೇ ಕರೆದುಕೊಂಡು ಹೋದರು. ಯಂಕಪ್ಪನಿಗೆ ಮಾಸ್ಕು ಹಾಕಿ ಆಮ್ಲಜನಕ ಕೊಟ್ಟರು. ರಾತ್ರಿ ಕಳೆದು ಬೆಳಗಾದಾಗ ಅವನು ಕಣ್ಣುಬಿಟ್ಟು, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ಯಂಕವ್ವ ಮೊದಲ ಬಾರಿಗೆ ಅತ್ತಳು. ಮೂರನೆಯ ದಿನ ಅವನು ವಾರ್ಡಿನ ಉದ್ದಕ್ಕೆ ನಡೆದಾಡಿ, ಪಕ್ಕದ ಹಾಸಿಗೆಯವರನ್ನು ನಗಿಸುತ್ತಿದ್ದ.

ಮನೆಗೆ ಕಳಿಸುವ ದಿನ ಡಾಕ್ಟರ್ ಮ್ಯಾಥ್ಯೂ ದೇಜಪ್ಪನನ್ನು ವರಾಂಡಕ್ಕೆ ಕರೆದರು. ಯಂಕವ್ವ ಆಗ ಬಟ್ಟೆ ಗಂಟು ಕಟ್ಟುತ್ತಿದ್ದಳು. ಡಾಕ್ಟರು ಕೇರಳದ ಕಡೆಯವರು, ಒಂದೊಂದೇ ಪದ ಆರಿಸಿ ಕನ್ನಡ ಮಾತಾಡುವವರು. ಬಾವಿಯೊಳಗೆ ಇಂಜಿನ್ ಓಡಿಸಿದರೆ ಅದು ಬಿಡುವ ಗ್ಯಾಸ್ ಬೇರೆ, ಹಳೆ ಬಾವಿಯಲ್ಲಿ ತಾನಾಗಿ ತುಂಬುವುದು ಬೇರೆ ಎಂದರು. ಇದು ಉಸಿರಿನ ಜೊತೆ ಹೋಗಿ ರಕ್ತವನ್ನೇ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಂತಿ. ದೀಪಕ್ಕೆ ಇದು ಗೊತ್ತಾಗುವುದಿಲ್ಲ. ದೇಜಪ್ಪ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡ. ಡಾಕ್ಟರು ಇನ್ನೊಮ್ಮೆ ಹೇಳಿ, ಆಮೇಲೆ ಮುಖ್ಯವಾದದ್ದಕ್ಕೆ ಬಂದರು.

‘ಈಗ ಅವರು ಸರಿ ಇದ್ದಾರೆ. ಆದರೆ ಕೆಲವರಿಗೆ ಎರಡು ಮೂರು ವಾರ ಕಳೆದ ಮೇಲೆ ತೊಂದರೆ ಶುರುವಾಗುತ್ತದೆ. ಮರೆವು, ನಡೆಯುವಾಗ ಕಾಲು ಏಳದಿರುವುದು, ಬಟ್ಟೆಯಲ್ಲೇ ಮೂತ್ರ. ಎಲ್ಲರಿಗೂ ಅಲ್ಲ. ಮನೆಯವರಿಗೆ ಹೇಳಿಡಿ. ಕಂಡ ಕೂಡಲೇ ಬರಬೇಕು.’

ದೇಜಪ್ಪ ಮನೆಯವರಿಗೆ ಹೇಳಲಿಲ್ಲ.

ಬಾಗಿಲಲ್ಲಿ ಯಂಕವ್ವ ಗಂಟು ಹೊತ್ತು ನಿಂತಿದ್ದಳು, ಡಾಕ್ಟರು ಏನಂದರು ಎಂದು ಕೇಳಿದಳು. ಚೆನ್ನಾಗಿ ಊಟ ಮಾಡಿಸಲು ಹೇಳಿದರು ಎಂದ. ಬೇಡದ ಮಾತು ಆಡಿದರೆ ಅದು ಬರುತ್ತದೆ, ಆಡದಿದ್ದರೆ ದಾರಿ ತಪ್ಪಿ ಬೇರೆಲ್ಲಿಗೋ ಹೋಗಬಹುದು. ರಾತ್ರಿ ಸುಗಂಧಿಗೆ ಮಾತ್ರ ಹೇಳಿದ. ಅವಳು ಬೀಡಿಯ ದಾರ ಕಡಿಯುತ್ತಾ, ‘ಅವಳಿಗೆ ಹೇಳಿ. ನನಗೆ ಹೇಳಿ ಎಂತ ಆಗ್ಲಿಕ್ಕುಂಟು?’ ಎಂದಳು. ನಾಳೆ ಹೇಳುತ್ತೇನೆ ಎಂದ.

ಆ ನಾಳೆ ಬರಲಿಲ್ಲ. ಬದಲಿಗೆ ಅವನು ಪ್ರತಿದಿನ ಸಂಜೆ ಯಂಕಪ್ಪನ ಶೀಟಿನ ಮನೆಗೆ ಹೋಗತೊಡಗಿದ. ಒಂದು ದಿನ ಬೂತಾಯಿ ಮೀನು, ಒಂದು ದಿನ ನಾಲ್ಕು ಬಸಳೆ ಕಡ್ಡಿ, ಏನೋ ಒಂದು ನೆಪ. ಮೆಟ್ಟಿಲಲ್ಲಿ ಕುಳಿತು ತಾವು ಇಳಿದ ಬಾವಿಗಳನ್ನು ಒಂದೊಂದಾಗಿ ಕೇಳುತ್ತಿದ್ದ. ಕಾಪುವಿನ ಐಸ್ ಪ್ಲಾಂಟಿನದು ಎಷ್ಟು ಕೋಲು? ಹದಿಮೂರು, ನೀರು ಉಪ್ಪು. ಪಡುಬಿದ್ರಿಯ ಶಾಲೆಯ ಹತ್ತಿರದ್ದು? ಒಂಬತ್ತು, ಆಮೆ ಇತ್ತು. ಕೆಮ್ಮಣ್ಣು ಊರಿನದು? ಅದೂ ಒಂದು ಬಾವಿಯೇ, ಕೊಡಪಾನ ಮುಳುಗಲು ಓರೆ ಮಾಡಬೇಕು.

‘ದಿನಾ ಪರೀಕ್ಷೆ ಇಡಾಕತ್ತೀರಲ್ರಿ ಅಣ್ಣಾರ’ ಎಂದು ಯಂಕಪ್ಪ ಒಂದು ಸಂಜೆ ಹೇಳಿದ. ‘ಸಾಲಿ ಬ್ಯಾಡಂತ ಓಡಿ ಬಂದಾಂವ ನಾ. ಇಲ್ಲೂ ಬಿಡವಲ್ರಿ.’

ಯಂಕವ್ವ ಒಳಗಿನಿಂದ ನಕ್ಕಳು. ದೇಜಪ್ಪ ಮನೆಗೆ ಹೋಗುವಾಗ ದಾರಿಯಲ್ಲಿ, ಯಂಕಪ್ಪನನ್ನು ಮೇಲೆಳೆದಂದಿನಿಂದ ಕಳೆದ ದಿನಗಳನ್ನು ಎಣಿಸಿದ. ಹನ್ನೊಂದು.

ಹದಿನಾರನೆಯ ದಿನ ಯಂಕಪ್ಪ ಐಸ್ ಪ್ಲಾಂಟಿನ ಬಾವಿಗೆ ಒಂಬತ್ತು ಎಂದ. ದೇಜಪ್ಪ ತಿದ್ದಲಿಲ್ಲ. ಸುಸ್ತಿರಬಹುದು. ಹದಿನೇಳನೆಯ ದಿನ ಅವನು ಉತ್ತರ ಕೊಟ್ಟ, ತಮಾಷೆ ಮಾಡಲಿಲ್ಲ. ಹದಿನೆಂಟನೆಯ ದಿನ ದೇಜಪ್ಪ ಅರ್ಧ ದಾರಿಯವರೆಗೆ ಹೋಗಿ, ಅಂಗಡಿಯ ಬೆಂಚಿನಲ್ಲಿ ಕುಳಿತು, ಹಾಗೆಯೇ ಮರಳಿ ಬಂದ. ಕೇಳದಿದ್ದರೆ ತಪ್ಪು ಉತ್ತರ ಇರುವುದಿಲ್ಲ.

ಹತ್ತೊಂಬತ್ತನೆಯ ದಿನ ಸುಗಂಧಿ ಅವನ ಕೈಗೆ ಚಪ್ಪಲಿ ಕೊಟ್ಟೇ ಹೊರಡಿಸಿದಳು.

ದೂರದಿಂದಲೇ ಯಂಕವ್ವನ ದನಿ ಕೇಳುತ್ತಿತ್ತು. ಅವಳು ಬಯ್ಯುತ್ತಿದ್ದಳು. ದುಡಿಯುವುದು ಬಿಟ್ಟು ಕೂತು ಕೂತು ಸೊಕ್ಕು ಬಂದಿದೆ, ಉರಿಯುವ ಒಲೆಗೆ ನೀರು ಸುರಿಯುತ್ತಾನೆ, ಕರೆದರೆ ಮುಖ ನೋಡುವುದಿಲ್ಲ, ಕೂಸಿನ ಹಾಗೆ ಉಟ್ಟಲ್ಲೇ ಒದ್ದೆ ಮಾಡಿಕೊಂಡು ಹಠ ಮಾಡುತ್ತಾನೆ, ಮೂರು ದಿನದಿಂದ ಇದೇ ನಾಟಕ. ಯಂಕಪ್ಪ ಬಾಗಿಲ ಬದಿಯಲ್ಲಿ ಅಂಗಿಯ ಒಂದೇ ತೋಳು ಹಾಕಿಕೊಂಡು ನಿಂತಿದ್ದ. ಇನ್ನೊಂದು ತೋಳು ನೇತಾಡುತ್ತಿತ್ತು. ಅವನ ಕೆನ್ನೆಯ ಮೇಲೆ ಅವಳ ಬೆರಳಿನ ಗುರುತು. ದೇಜಪ್ಪನನ್ನು ಕಂಡು ಅವನು ನಕ್ಕ. ನಗು ಸರಿಯಾಗಿಯೇ ಇತ್ತು, ಯಾರನ್ನು ನೋಡಿ ನಗುತ್ತಿದ್ದೇನೆ ಎಂಬುದು ಅದರಲ್ಲಿ ಇರಲಿಲ್ಲ.

ಹತ್ತಿರದಲ್ಲಿ ಎಲ್ಲೂ ಬಾವಿ ಇರಲಿಲ್ಲ. ಬಾವಿಯ ಕಟ್ಟೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ದೇಜಪ್ಪ ಅದನ್ನು ಆಸ್ಪತ್ರೆಯ ವರಾಂಡದವರೆಗೆ, ಕುಕ್ಕುಂದೂರಿನವರೆಗೆ, ಈ ಶೀಟಿನ ಮನೆಯ ಮೆಟ್ಟಿಲವರೆಗೆ ಹೊತ್ತು ತಂದಿದ್ದ. ಅಲ್ಲಿ ನಿಂತುಕೊಂಡೇ ಅವನು ಯಂಕವ್ವನಿಗೆ ಡಾಕ್ಟರು ಹೇಳಿದ್ದನ್ನು ಹೇಳಿದ. ಎರಡು ಮೂರು ವಾರ. ಮರೆವು. ಕಾಲು. ಬಟ್ಟೆ ಒದ್ದೆಯಾಗುವುದು.

ಯಂಕವ್ವ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

‘ಮೊದಲ ಹೇಳಿದ್ದರ ನಾ ಬಡೀತಿದ್ದಿಲ್ಲರಿ.’

ಅಷ್ಟೇ ಹೇಳಿದ್ದು. ಬಯ್ಯಲಿಲ್ಲ. ಗಂಡನ ಇನ್ನೊಂದು ತೋಳನ್ನು ಅಂಗಿಯೊಳಗೆ ತೂರಿಸಿ, ಗುಂಡಿ ಹಾಕಿ, ಬಸ್ಸಿಗೆ ನಡೆಸಿದಳು.

ಡಾಕ್ಟರ್ ಮ್ಯಾಥ್ಯೂ ತಲೆಯ ಸ್ಕ್ಯಾನಿಂಗ್ ಮಾಡಿಸಿದರು, ಹತ್ತು ದಿನ ಇಟ್ಟುಕೊಂಡರು. ಕೆಲವರು ಒಂದು ವರ್ಷದೊಳಗೆ ಮರಳುತ್ತಾರೆ ಎಂದರು. ಮೂರು ದಿನ ಮೊದಲು ಬಂದಿದ್ದರೆ ಬೇರೆಯಾಗುತ್ತಿತ್ತೇ ಎಂದು ದೇಜಪ್ಪ ಕೇಳಿದ. ಡಾಕ್ಟರು ಕನ್ನಡದಲ್ಲಿ ಪದ ಹುಡುಕಿದರು. ಹೇಳಲಾಗುವುದಿಲ್ಲ ಎಂದರು. ಆ ಉತ್ತರ ದೇಜಪ್ಪನ ಜೊತೆ ಉಳಿಯಿತು, ಹೌದು ಎಂದಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ಅವನು ಮತ್ತೆ ಬಾವಿಯ ಕೆಲಸ ಹಿಡಿಯಲಿಲ್ಲ. ಆ ಬೇಸಿಗೆಯ ಉಳಿದ ದಿನಗಳಲ್ಲಿ ಮಾತ್ರ ಎಲ್ಲಿ ಬಾವಿಯೊಳಗೆ ಪಂಪು ಇಳಿಸಿದ್ದಾರೆ ಎಂದು ಕೇಳಿತೋ ಅಲ್ಲಿಗೆಲ್ಲ ಬಸ್ಸು ಹತ್ತಿ ಹೋದ. ಕಟ್ಟೆಯ ಮೇಲೆ ನಿಂತು, ದೀಪವನ್ನು ನಂಬಬೇಡಿ, ಇಂಜಿನ್ ಮೇಲೆತ್ತಿ, ಇಲ್ಲದಿದ್ದರೆ ಸಾಯುತ್ತೀರಿ ಎಂದು ಆ ಶಬ್ದವನ್ನೇ ಇಟ್ಟು ಹೇಳಿದ. ಕೆಲವರು ಪಂಪು ಎತ್ತಿದರು. ಕೆಮ್ಮಣ್ಣಿನಲ್ಲಿ ದೇವದಾಸ ಎಂಬವನು, ಶುಭಕೆಲಸದ ಹೊತ್ತಿನಲ್ಲಿ ಎಂಥ ಬಾಯಿ ಇವರದ್ದು ಎಂದು ಅಂಗಳದಿಂದ ಹೊರಗೆ ಕಳಿಸಿದ. ಬಸ್‌ಸ್ಟ್ಯಾಂಡಿನಲ್ಲಿ ಅವನಿಗೆ ಗ್ಯಾಸ್ ದೇಜಪ್ಪ ಎಂದು ಹೆಸರು ಬಿತ್ತು. ಸೀಮೆಎಣ್ಣೆಯ ಹೊಗೆಗೆ ಹೆದರುವವನ ಕಥೆಯನ್ನು ಚಹಾ ಕುಡಿಯುತ್ತಾ ಹೇಳಿ ನಗುತ್ತಿದ್ದರು. ತಾರಾನಾಥ ಬೇರೆ ಜನರನ್ನು ಕರೆಸಿ ಬಾವಿ ಮುಗಿಸಿದ. ಪಂಪನ್ನು ಬಳಸಲಿಲ್ಲ, ಬಕೆಟಿನಲ್ಲೇ ಎಳೆಸಿದ. ಪ್ರತಿ ತಿಂಗಳು ಒಂದು ಮೂಟೆ ಅಕ್ಕಿ ಯಂಕವ್ವನ ಮನೆಗೆ ಬರುತ್ತಿತ್ತು, ತರುವವನು ಒಳಗೆ ಬಾರದೆ ಇಟ್ಟು ಹೋಗುತ್ತಿದ್ದ.

ಹುನಗುಂದಕ್ಕೆ ಹೋಗಿಬಿಡಿ ಎಂದು ಹಲವರು ಯಂಕವ್ವನಿಗೆ ಹೇಳಿದರು. ಅಲ್ಲಿ ಅಂಥ ಡಾಕ್ಟರಿಲ್ಲ ಎಂದು ಅವಳು ಹೋಗಲಿಲ್ಲ. ಎರಡು ಮನೆಗಳಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಳು. ಆ ಹೊತ್ತಿನಲ್ಲಿ ಯಂಕಪ್ಪನನ್ನು ನೋಡಿಕೊಳ್ಳುವುದು ದೇಜಪ್ಪನ ಪಾಲಿಗೆ ಬಂತು. ಅವನನ್ನು ಮೀಯಿಸುತ್ತಿದ್ದ, ಗಂಜಿ ಉಣಿಸುತ್ತಿದ್ದ. ಯಂಕಪ್ಪ ಕೆಲವು ದಿನ ಅವನ ಹೆಸರು ಹೇಳುತ್ತಿದ್ದ, ಕೆಲವು ದಿನ ಅವನನ್ನು ತನ್ನ ಸತ್ತ ತಮ್ಮ ಯಮನೂರನೆಂದು ತಿಳಿದು ಹೊಲದ ಸುದ್ದಿ ಕೇಳುತ್ತಿದ್ದ.

ಆಗಸ್ಟಿನ ಒಂದು ಸಂಜೆ ಯಂಕವ್ವ ಕೆಲಸದಿಂದ ಬಂದವಳು ಒಳಗೆ ಹೋಗದೆ ಮೆಟ್ಟಿಲಲ್ಲಿ ದೇಜಪ್ಪನಿಂದ ಸ್ವಲ್ಪ ದೂರ ಕುಳಿತಳು. ಮೇ ತಿಂಗಳಿನಿಂದ ಅವಳು ಅವನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು.

‘ಡಾಕ್ಟರು ನಿಮ್ಮ ಮುಂದ ಹೇಳಿದ್ದು, ನನ್ನ ಮುಂದ ಹೇಳಲಾರದ್ದು, ಇನ್ನೂ ಏನರ ಉಳದೈತೇನ್ರಿ ಅಣ್ಣಾರ?’

ಉಳಿದಿತ್ತು. ಹಿಂದಿನ ವಾರ ಮದ್ದಿನ ಚೀಟಿ ಬರೆಸಲು ಹೋದಾಗ ಡಾಕ್ಟರು ಹೇಳಿದ್ದರು. ದೇಜಪ್ಪ ತನ್ನ ಮಂಡಿಗಳ ಮೇಲೆ ಎರಡೂ ಕೈ ಇಟ್ಟುಕೊಂಡು ಎದುರಿನ ರಸ್ತೆ ನೋಡಿದ.

‘ಮೂರು ತಿಂಗಳಲ್ಲಿ ಸ್ವಲ್ಪವಾದರೂ ಗುಣ ಕಾಣಬೇಕಿತ್ತಂತೆ. ಕಾಣ್ಲಿಲ್ಲ. ಇನ್ನು ಹೀಗೇ ಉಳಿದರೂ ಉಳೀಬಹುದು. ಕಡಿಮೆಯಾಗ್ತಾ ಹೋದರೂ ಹೋಗಬಹುದು ಅಂದ್ರು.’

ಯಂಕವ್ವ ತಲೆಯಾಡಿಸಿದಳು. ಇನ್ನೇನಾದರೂ ಉಂಟೇ ಎಂಬಂತೆ ಅವನ ಮುಖ ನೋಡಿದಳು. ಇಲ್ಲ, ಇಷ್ಟೇ ಎಂದ. ಅವಳು ಎದ್ದು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸ್ವಲ್ಪ ಹೊತ್ತಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿತು. ಎರಡು ತಟ್ಟೆಗೆ ಬದಲು ಮೂರು ತಟ್ಟೆ ಇಟ್ಟ ಸದ್ದೂ ಕೇಳಿತು.

ಅಂಗಳದಲ್ಲಿದ್ದ ಯಂಕಪ್ಪ ಊಟದ ವಾಸನೆಗೆ ಎದ್ದು ಬಂದ. ಹೊಸ್ತಿಲ ಮುಂದೆ ನಿಂತ. ಪಾದಗಳು ನೆಲಕ್ಕೆ ಅಂಟಿದ ಹಾಗೆ ಅಲ್ಲೇ ಉಳಿದವು. ಅವನು ಅವುಗಳನ್ನು ನೋಡುತ್ತಾ, ಯಾವುದನ್ನು ಮೊದಲು ಎತ್ತಬೇಕೆಂದು ತಿಳಿಯದೆ ನಿಂತಿದ್ದ. ದೇಜಪ್ಪ ಎದ್ದು ಕೈ ಚಾಚಿದ.

‘ಹಿಡೀಬ್ಯಾಡ್ರಿ’ ಎಂದಳು ಯಂಕವ್ವ ಒಳಗಿನಿಂದ, ರೊಟ್ಟಿಯಿಂದ ಕಣ್ಣೆತ್ತದೆ. ಆಮೇಲೆ ಗಂಡನಿಗೆ ಹೇಳಿದಳು, ‘ಎಡಗಾಲ.’

ಯಂಕಪ್ಪ ಎಡಗಾಲನ್ನು ಹುಡುಕಿ ಎತ್ತಿದ.